ಎಂಟರ ಜೋಡಿಯನ್ನು ಬಿಡುವ ಹೊತ್ತು

ಮಾರ್ಚ್ 3, ಭಾನುವಾರ

ಇವರಿಗೆ ಪಾರ್ಶ್ವವಾಯು ಹೊಡೆದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗಾದರೂ ಹೊರಟದ್ದು ಇವತ್ತೇ ಮೊದಲು. ಇವರ ಗೆಳೆಯ ಸೋಫಾನ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಬೇರೆ ಹೆಸರಿದೆ. ಪೀಠೋಪಕರಣದ ವ್ಯಾಪಾರ ಶುರು ಮಾಡಿದ ಮೇಲೆ, ಕಟ್ಟಿಕೊಂಡ ಹೆಂಡತಿಯೂ ಸೋಫಾ ಎಂದೇ ಕರೆಯುತ್ತಾಳಂತೆ. ಭಾನುವಾರ ಅಂಗಡಿಗೆ ರಜ. ಹಿಂದುಗಡೆ ಗೋದಾಮಿನಲ್ಲಿ, ಆ ವಾರ ಮಾರಾಟವಾಗದೆ ಉಳಿದ ಊಟದ ಮೇಜಿನ ಸುತ್ತ ಇವರ ಗುಂಪು ಮಧ್ಯಾಹ್ನವಿಡೀ ಪೋಕರ್ ಆಡುತ್ತದೆ. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಹಾಗಿಲ್ಲ. ಯಾರು ಅಲುಗಾಡಿದರೂ ಚರಚರ ಸದ್ದು.

ಇನ್ನಿಬ್ಬರೆಂದರೆ ಕಾರು ಓಡಿಸಲು ಕಲಿಸುವ ಮಾಸ್ತರು ಮತ್ತು ಔಷಧಿ ಅಂಗಡಿಯವನು. ಎದುರಿನವರು ಪಣ ಏರಿಸಿದ ಕೂಡಲೆ ಮಾಸ್ತರ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತದೆ. ಮೇಜಿನ ಕೆಳಗೆ ಧಪ್ ಅನ್ನುತ್ತದೆ. ಔಷಧಿಯವನು ಎಲ್ಲರಿಗಿಂತ ಚಿಕ್ಕವನು, ಮಾತು ಕಡಿಮೆ.

ಇವರ ಎಡಗೈ, ಎಡಗಾಲು ಎರಡೂ ಸತ್ತ ಹಾಗಿವೆ. ಒಂದೇ ಕೈಯಲ್ಲಿ ಇಸ್ಪೀಟಿನ ಎಲೆ ಹಿಡಿದು ಪಣದ ಬಿಲ್ಲೆಯನ್ನೂ ತಳ್ಳಲು ಆಗುವುದಿಲ್ಲ. ಅದಕ್ಕೇ ನಾನು. ಇವರ ಎಡಕ್ಕೆ ಕುರ್ಚಿ ಹಾಕಿಕೊಂಡು ಎಲೆ ಹಿಡಿಯಬೇಕು, ಕಟ್ಟು ಅಂದರೆ ಕಟ್ಟಬೇಕು, ಬಿಡು ಅಂದರೆ ಕವುಚಿ ಹಾಕಬೇಕು.

ಆಟ ಇಷ್ಟು ವರ್ಷ ಕಿವಿಗೆ ಬಿದ್ದೂ ಬಿದ್ದೂ ಗೊತ್ತೇ ಇತ್ತು. ಒಬ್ಬೊಬ್ಬರಿಗೆ ಎರಡು ಎಲೆ, ಮುಚ್ಚಿಟ್ಟುಕೊಳ್ಳಲು. ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆಯ ಸಾಲು: ಮೊದಲು ಮೂರು, ಆಮೇಲೊಂದು, ಕೊನೆಗೊಂದು. ಪ್ರತಿ ಸಲವೂ ಬಿಲ್ಲೆ ಕಟ್ಟಬೇಕು, ಇಲ್ಲ ಎಲೆ ಬಿಡಬೇಕು. ಇವರದು ಲಿಮಿಟ್ ಆಟ. ಒಂದು ಸಲಕ್ಕೆ ಎಷ್ಟು ಕಟ್ಟಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಇವರಿಗೆ ಎಂಟರ ಜೋಡಿ ಬಂತು. ಮೇಜಿನ ಮೇಲೆ ಮೂರು, ರಾಣಿ, ರಾಜ. ಮಾಸ್ತರು ಕಟ್ಟಿದರು, ಸೋಫಾ ಏರಿಸಿದ. ಇವರು “ಬಿಡು” ಅಂದರು. ನನಗೆ ಕೈ ಬರಲಿಲ್ಲ. ಬಂದಿರುವುದು ಜೋಡಿಯಲ್ಲವೇ, ಹೇಗೆ ಎಸೆಯುವುದು. ಇವರೇ ಬಲಗೈಯಿಂದ ನನ್ನ ಬೆರಳು ಬಿಡಿಸಿ ಎಲೆ ಕಿತ್ತು ಹಾಕಿದರು. ಆ ಸುತ್ತು ಮುಗಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ, “ಎಂಟರ ಜೋಡಿ ಬಂದಿದ್ದಕ್ಕೆ ನಮ್ಮನೆಯವಳಿಗೆ ಬಿಡೋಕೆ ಮನಸ್ಸಿಲ್ಲ. ಹರಿದ ಚಪ್ಪಲೀನೂ ಬಿಸಾಡಲ್ಲ ನೋಡಿ ಇವಳು,” ಅಂದರು. ಮಾತು ಸ್ವಲ್ಪ ತೊದಲುತ್ತದೆ, ಆದರೂ ಎಲ್ಲರಿಗೂ ಅರ್ಥವಾಯಿತು. ನಕ್ಕರು. ನಾನೂ ನಕ್ಕೆ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಪಾಠ.

“ರಾಜನ ಜೋಡಿ ಆಡೋಕೆ ಕತ್ತೆಗೂ ಬರುತ್ತೆ. ಎರಡರ ಜೋಡಿ ಬಿಡೋಕೂ ಕತ್ತೆಗೆ ಬರುತ್ತೆ. ಎಂಟು, ಒಂಬತ್ತು, ಈ ಮಧ್ಯದ್ದನ್ನ ಯಾವಾಗ ಬಿಡ್ಬೇಕು ಅನ್ನೋದೇ ಆಟ. ಮೊದಲ ಮೂರು ಎಲೆ ನೋಡು. ಎಂಟಕ್ಕಿಂತ ದೊಡ್ಡದು ಒಂದೇ ಬಿದ್ದಿದೆ, ಕಟ್ಟಿರೋನೂ ಒಬ್ಬನೇ ಅಂದ್ರೆ ಓಡ್ಬೇಡ. ಎರಡು ಬಿದ್ದಿದೆ, ಒಬ್ಬ ಕಟ್ಟಿದ, ಇನ್ನೊಬ್ಬ ಏರಿಸಿದ ಅಂದ್ರೆ ಅಲ್ಲೇ ಬಿಡು. ನಿನ್ನನ್ನ ಉಳಿಸೋಕೆ ಇಸ್ಪೀಟು ಕಟ್ಟಲ್ಲಿ ಇನ್ನು ಎರಡೇ ಎಂಟು ಇರೋದು.”

“ಒಂದ್ಸಲಕ್ಕೆ ಕಟ್ಟೋದು ಸ್ವಲ್ಪಾನೇ ಅಲ್ವಾ?”

“ಅದೇ ಮೋಸ. ಇದರಲ್ಲಿ ಯಾರೂ ಒಂದೇ ಏಟಿಗೆ ಕೊಲ್ಲಲ್ಲ. ಚೂರು ಚೂರೇ ಕೊಯ್ತಾರೆ. ನಿನ್ನಂಥೋರು ಇನ್ನೊಂದು ಸುತ್ತು ನೋಡೋಣ, ಇನ್ನೊಂದು ಸುತ್ತು ನೋಡೋಣ ಅಂತ ಪೂರ್ತಿ ಕೊಯ್ಸ್ಕೋತಾರೆ.”

ಇಷ್ಟನ್ನೂ ಹೇಳಿದ್ದು ಬಲಗಡೆ ಕಿಟಕಿಯ ಕಡೆ ಮುಖ ಮಾಡಿ. ಎಡಕ್ಕೆ ಕೂತವಳ ಕಡೆ ಒಂದು ಸಲವೂ ತಿರುಗಲಿಲ್ಲ.

ಮಾರ್ಚ್ 6

ನಾನು ಹಲ್ಲು ಕಟ್ಟುವ ಕೆಲಸ ಮಾಡುವ ಲ್ಯಾಬಿನಲ್ಲಿ ಇವತ್ತು ಕೆಳದವಡೆಯ ಎರಡು ಪೂರ್ತಿ ಸೆಟ್. ಮೇಣದಲ್ಲಿ ಹಲ್ಲು ಕೂರಿಸುವಾಗ ಒಂದನ್ನು ಕೂದಲೆಳೆಯಷ್ಟು ವಾರೆ ಮಾಡುತ್ತೇನೆ. ತೀರಾ ಸಾಲಾಗಿದ್ದರೆ ನೋಡಿದವರಿಗೆ ಕಟ್ಟಿಸಿದ ಹಲ್ಲೆಂದು ತಿಳಿದುಬಿಡುತ್ತದೆ.

ಮನೆಗೆ ಬಂದರೆ ಜಗಳ. “ಅರ್ಧ ಹೊಟ್ಟೆಗೆ ಬಡಿಸ್ತೀಯಾ? ದುಡಿಯೋನು ಮಲಗಿದ ಅಂತ ಊಟಾನೂ ಕಮ್ಮಿ ಮಾಡಿದ್ಯಾ?” ತಟ್ಟೆಯ ಒಂದು ಪಕ್ಕದಲ್ಲಿ ಅನ್ನ, ಆಲೂಗಡ್ಡೆ ಹಾಗೇ ಬಿದ್ದಿವೆ. ಬೇಕೆಂದೇ ಬಿಟ್ಟು ಬೇಕೆಂದೇ ಬೈಯುತ್ತಾರೆ. ಎತ್ತಿ ಕಸದ ಬುಟ್ಟಿಗೆ ಸುರಿದೆ.

ಮಾರ್ಚ್ 17, ಭಾನುವಾರ

ಇವರು ಸೋತರು. ಸೋತ ರೀತಿ ಬರೆದಿಡಬೇಕು.

ಒಂಬತ್ತರ ಜೋಡಿ. ಮೇಜಿನ ಮೇಲೆ ರಾಜ, ಗುಲಾಮ, ಮೂರು. ಮಾಸ್ತರು ಕಟ್ಟಿದರು, ಔಷಧಿಯವನು ಏರಿಸಿದ. ಇವರೇ ಹೇಳಿಕೊಟ್ಟ ಪಾಠದ ಪ್ರಕಾರ ಬಿಡಬೇಕು. ನಾನು ಎಲೆ ಕವುಚಲು ಕೈ ಇಳಿಸಿಯೇ ಬಿಟ್ಟಿದ್ದೆ. “ಏರಿಸು,” ಅಂದರು. ತಿರುಗಿ ನೋಡಿದೆ. “ಕಿವಿ ಕೇಳಲ್ವಾ? ಏರಿಸು.” ಏರಿಸಿದೆ. ಕೊನೆಯವರೆಗೂ ಹಾಗೇ. ಔಷಧಿಯವನ ಹತ್ತಿರ ರಾಜ ಇತ್ತು, ಇರದೆ ಇನ್ನೇನು. ಇವರು ಅವನ ಎಲೆ ನೋಡಿ ಹುಬ್ಬು ಗಂಟು ಹಾಕಿ, “ಎಲ್ಲಿಂದ ಬಂತು ಆ ರಾಜ?” ಅಂದರು. ಮಾಸ್ತರು ಸೋಫಾನ ಮುಖ ನೋಡಿದರು.

“ಇವಳು ಎಲೆ ಹಿಡಿದರೆ ಹೀಗೇ,” ಅಂದರು ಇವರು. “ಇವಳ ಕೈಗುಣ.”

ಮಾರ್ಚ್ 31, ಭಾನುವಾರ

ಎರಡು ವಾರ ಸುಮ್ಮನೆ ಗಮನಿಸಿದೆ. ಒಂದೊಂದು ಸಲ ಇವರ ಆಟ ಮೊದಲಿನ ಹಾಗೇ ಇರುತ್ತದೆ, ಬ್ಲೇಡಿನ ಹಾಗೆ. ಇನ್ನೊಂದು ಸಲ ಶುದ್ಧ ಹುಚ್ಚರ ಹಾಗೆ ಏರಿಸುತ್ತಾರೆ. ತಲೆಕೆಟ್ಟವರಿಗೆ ಒಂದು ಲೆಕ್ಕ ಇರುವುದಿಲ್ಲ. ಇವರ ತಪ್ಪಿಗೆ ಲೆಕ್ಕ ಇದೆ. ದೊಡ್ಡ ಎಲೆ ಸಾಲಿನ ಬಲಗಡೆ ಬಿದ್ದರೆ ಸರಿಯಾಗಿ ಬಿಡುತ್ತಾರೆ. ಎಡಗಡೆ, ನನ್ನ ಮೊಣಕೈ ಹತ್ತಿರ ಬಿದ್ದರೆ ಅದು ಇಲ್ಲವೇ ಇಲ್ಲ ಅನ್ನುವ ಹಾಗೆ ಆಡುತ್ತಾರೆ.

ಸಂಜೆ ಮುಖ ಒರೆಸುವಾಗ ನೋಡಿದೆ. ಬಲಗೆನ್ನೆ ನುಣ್ಣಗೆ. ಎಡಗೆನ್ನೆಯಲ್ಲಿ ಮೂರು ದಿನದ ಗಡ್ಡ. ಕನ್ನಡಿ ಮುಂದೆ ಕೂತು ಇವರೇ ಮಾಡಿಕೊಂಡ ಕ್ಷೌರ.

ಏಪ್ರಿಲ್ 4

ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಹೆಂಗಸಿಗೆ ವಿಷಯ ಹೇಳಿದೆ. ಅವಳು ಇವರ ಮುಂದೆ ಒಂದು ಹಾಳೆ ಹಿಡಿದು, ಗಡಿಯಾರ ಬರೆಯಿರಿ ಅಂದಳು. ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದಲ್ಲೇ ತುರುಕಿ, ಸರಿಯಾಗಿದೆ ಅಂತ ವಾಪಸು ಕೊಟ್ಟರು. ಆಮೇಲೆ ಇವರು ನಿದ್ದೆಹೋದಾಗ ಬಾಗಿಲ ಹತ್ತಿರ ನಿಂತು ವಿವರಿಸಿದಳು.

“ಕಣ್ಣಿನ ದೋಷ ಅಲ್ಲ. ಎಡಗಡೆ ಅಂತ ಒಂದು ಇದೆ ಅನ್ನೋದೇ ಅವರ ಮನಸ್ಸಿಗೆ ಬರಲ್ಲ. ತಮಗೆ ಹೀಗಾಗಿದೆ ಅಂತಾನೂ ಅವರಿಗೆ ಗೊತ್ತಾಗಲ್ಲ. ನೀವು ಪ್ರತಿ ಸಲ ಹೇಳ್ತಾ ಇರಬೇಕು, ಎಡಕ್ಕೆ ತಿರುಗಿ ನೋಡಿ ಅಂತ. ಊಟಕ್ಕೆ ಕೂತಾಗ, ಓದುವಾಗ, ಎಲ್ಲ ಕಡೆ. ಬೇಜಾರು ಮಾಡ್ಕೋಬೇಡಿ. ಹೇಳ್ತಾ ಹೇಳ್ತಾ ತಾವೇ ತಿರುಗೋದು ಕಲೀತಾರೆ. ತುಂಬಾ ಜನ ಕಲ್ತಿದಾರೆ.”

“ಅಂದ್ರೆ ನನ್ನ ಕಡೆ ನೋಡದೇ ಇರೋದೂ ಅದಕ್ಕೇನಾ?”

“ಹೌದಮ್ಮ. ನೀವು ಎಡಗಡೆ ಕೂತಿದ್ರೆ ಅವರಿಗೆ ನೀವು ಇಲ್ಲ.”

ಅವಳು ಹೋದ ಮೇಲೆ ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಪಾಪ ಅನಿಸಬೇಕಿತ್ತು. ಕಾಯಿಲೆ ಬರುವ ಮುಂಚೆ ನಾನು ಯಾವ ಕಡೆ ಕೂತಿದ್ದರೂ ಇವರು ನನ್ನ ಕಡೆ ನೋಡಿದ್ದು ನೆನಪಿಲ್ಲ.

ರಾತ್ರಿ ಊಟಕ್ಕೆ ಎಡಕ್ಕೆ ನೋಡಿ ಅಂತ ಹೇಳಲಿಲ್ಲ. ಅರ್ಧ ತಿಂದ ಮೇಲೆ ತಟ್ಟೆಯನ್ನು ಹಾಗೇ ತಿರುಗಿಸಿಟ್ಟೆ. ಇನ್ನೊಮ್ಮೆ ಬಡಿಸಿದಳು ಅಂದುಕೊಂಡು ಉಳಿದದ್ದನ್ನೂ ತಿಂದರು. ಜಗಳವಿಲ್ಲ. ಇದೇ ಸುಲಭ.

ಏಪ್ರಿಲ್ 7, ಭಾನುವಾರ

ಇವತ್ತು ಹೇಳಬೇಕೆಂದೇ ಹೋಗಿದ್ದೆ. ಸೋಫಾ ಎಲೆ ಹಂಚುವ ಮುಂಚೆ, ಹೀಗೆ ಹೀಗೆ, ಎಲೆಗಳನ್ನೆಲ್ಲ ಇವರ ಬಲಗಡೆಗೆ ಸರಿಸಿ ಹಾಕಿ ಅಂದಿದ್ದರೆ ಆಗುತ್ತಿತ್ತು. ಅಷ್ಟೇ ಕೆಲಸ. ಮಾತು ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಟೀ ಬಂತು. ಇವರ ಲೋಟವನ್ನು ಎಡಕ್ಕೆ ಇಟ್ಟಿದ್ದರು. “ಎಲ್ಲರಿಗೂ ಟೀ ಕೊಟ್ಟು ನಂಗೆ ಮಾತ್ರ ಇಲ್ವಾ? ಇವಳನ್ನ ಕರ್ಕೊಂಡು ಬರೋದಕ್ಕಿಂತ ಒಂದು ಸ್ಟೂಲ್ ತಂದಿದ್ರೆ ಚೆನ್ನಾಗಿತ್ತು. ಸ್ಟೂಲ್ ಆದ್ರೆ ಲೋಟನಾದ್ರೂ ಹಿಡಿಯುತ್ತೆ.”

ಸೋಫಾ ನಗು ತಡೆಯಲು ಕೆಮ್ಮಿದ.

ಲೋಟ ಎತ್ತಿ ಬಲಗೈಗೆ ಕೊಟ್ಟೆ. ಹೇಳಲಿಲ್ಲ.

ಹತ್ತರ ಜೋಡಿಯನ್ನು ಎಕ್ಕದ ವಿರುದ್ಧ ಕೊನೆಯವರೆಗೂ ಆಡಿ ಸೋತರು.

ಏಪ್ರಿಲ್ 21, ಭಾನುವಾರ

ಇವರು ಕಟ್ಟು ಅಂದಾಗ ಕಟ್ಟುತ್ತೇನೆ. ಮನಸ್ಸಿನಲ್ಲಿ ಮಾತ್ರ ನನ್ನ ಆಟ ಬೇರೆ ನಡೆಯುತ್ತಿರುತ್ತದೆ: ಇಲ್ಲಿ ಬಿಡುತ್ತಿದ್ದೆ, ಇಲ್ಲಿ ನಿಲ್ಲುತ್ತಿದ್ದೆ. ಇವತ್ತು ಒಂದೂ ತಪ್ಪಲಿಲ್ಲ. ಮಾಸ್ತರ ಕಾಲು ಧಪ್ ಅಂದರೆ ಅವರ ಹತ್ತಿರ ಏನೂ ಇಲ್ಲ. ಔಷಧಿಯವನು ಎಲೆ ನೋಡಿ ಕೂಡಲೆ ಬಿಲ್ಲೆ ಕಡೆ ಕಣ್ಣು ಹಾಯಿಸಿದರೆ ಒಳ್ಳೆಯ ಎಲೆ ಇದೆ. ಇವರು ಇದನ್ನೆಲ್ಲ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಬಹುಶಃ ಇವರಿಗೇ ಗೊತ್ತಿಲ್ಲ.

ಮೇ 5, ಭಾನುವಾರ

ಸೋಲು. ಬೈಗಳು. ತಟ್ಟೆ ತಿರುಗಿಸಿದೆ.

ಮೇ 19, ಭಾನುವಾರ

ಇವತ್ತು ಎಲ್ಲರಿಗೂ ಸಾಕಾಯಿತು. ಸೋಫಾ ಎಲೆ ಕದಿಯುತ್ತಾನೆ ಅಂದರು ಇವರು. “ಆಗ ಇಲ್ದೇ ಇದ್ದ ರಾಣಿ ಈಗೆಲ್ಲಿಂದ ಬಂತು? ನನಗೆ ಕೈ ಹೋಗಿದೆ, ಕಣ್ಣು ಹೋಗಿಲ್ಲ.” ಸೋಫಾ ಎದ್ದು ನಿಂತ. ಚಿಕ್ಕಂದಿನಿಂದ ಜೊತೆಗಿದ್ದವನು. “ಏನೋ ಅಂದೆ?” ಅಂದವನು ಇವರ ಸೊಟ್ಟ ಬಾಯಿ ನೋಡಿ ಮತ್ತೆ ಕೂತ. ಪ್ಲಾಸ್ಟಿಕ್ ಚರಚರ ಅಂದಿತು.

ಮಾಸ್ತರು ನನ್ನನ್ನು ಒಂದು ಪಕ್ಕಕ್ಕೆ ಕರೆದು, “ತಾಯಿ, ಇವನ ತಲೆ ಪೂರ್ತಿ ಹೋಯ್ತಲ್ಲ,” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಕ್ಷಣದಲ್ಲಿ ಹೇಳಬಹುದಿತ್ತು. ತಲೆ ಹೋಗಿಲ್ಲ, ಎಡಗಡೆ ಮಾತ್ರ ಹೋಗಿದೆ ಅಂತ.

“ಏನು ಮಾಡೋಕಾಗುತ್ತೆ ಮಾಸ್ತರೇ,” ಅಂದೆ.

ಮೇ 22

ಲ್ಯಾಬಿಗೆ ಸೋಫಾನ ಫೋನ್.

“ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅವನನ್ನ ಇನ್ನು ಕರ್ಕೊಂಡು ಬರಬೇಡಿ. ಅವನು ಹೀಗಾಗೋದನ್ನ ಕೂತು ನೋಡೋಕೆ ನಮ್ಮ ಕೈಲಿ ಆಗ್ತಿಲ್ಲ.”

“ಸರಿ.”

“ಆದ್ರೆ ಮೂರೇ ಜನ ಆದ್ರೆ ಆಟ ಸೊರಗುತ್ತೆ. ಔಷಧಿಯವನು ಹೇಳ್ತಿದ್ದ, ಅಕ್ಕನಿಗೆ ಆಟ ಚೆನ್ನಾಗಿ ಅರ್ಥ ಆಗುತ್ತೆ, ಅವರ ಕಣ್ಣು ನೋಡಿದ್ರೆ ತಿಳಿಯುತ್ತೆ ಅಂತ. ನೀವು ಬೇಕಾದ್ರೆ...”

ಬೇಡ ಅನ್ನಲು ಬಾಯಿ ತೆರೆದೆ. “ಯೋಚನೆ ಮಾಡ್ತೀನಿ,” ಅಂದೆ. ಯೋಚಿಸುವುದೇನಿತ್ತು.

ಮೇ 26, ಭಾನುವಾರ

ಸೋಫಾ ಗೋದಾಮನ್ನು ಬಾಡಿಗೆಗೆ ಕೊಟ್ಟನಂತೆ, ಆಟ ನಿಂತಿತಂತೆ ಅಂತ ಬೆಳಿಗ್ಗೆ ಹೇಳಿದೆ. ಲ್ಯಾಬಿನಲ್ಲಿ ಕೆಲಸ ಜಾಸ್ತಿ, ಇನ್ನು ಭಾನುವಾರವೂ ಹೋಗಬೇಕು ಅಂತಲೂ ಹೇಳಿದೆ. ರೇಡಿಯೋ ಹಾಕಿ, ನೀರು ಬಲಕ್ಕಿಟ್ಟು ಹೊರಟೆ.

ಗೋದಾಮಿನಲ್ಲಿ ಅವರ ಕುರ್ಚಿಯಲ್ಲಿ ಕೂತೆ. ಈ ವಾರದ ಮೇಜು ಗಾಜಿನದು. ಕೆಳಗೆ ಎಲ್ಲರ ಕಾಲು ಕಾಣಿಸುತ್ತಿದ್ದವು. ಮಾಸ್ತರ ಬ್ರೇಕು ಕೇಳುವುದಷ್ಟೇ ಅಲ್ಲ, ಇವತ್ತು ಕಣ್ಣಿಗೂ ಬಿತ್ತು.

ಎಂಟರ ಜೋಡಿ ಎರಡು ಸಲ ಬಂತು. ಮೊದಲನೆಯ ಸಲ ಮೇಜಿನ ಮೇಲೆ ರಾಣಿ, ಐದು, ಎರಡು. ಮಾಸ್ತರೊಬ್ಬರೇ ಕಟ್ಟಿದರು. ಓಡಲಿಲ್ಲ, ಕಟ್ಟುತ್ತಾ ಹೋದೆ. ಅವರ ಹತ್ತಿರ ಏನೂ ಇರಲಿಲ್ಲ. ಎರಡನೆಯ ಸಲ ಎಕ್ಕ, ಹತ್ತು, ನಾಲ್ಕು. ಔಷಧಿಯವನು ಕಟ್ಟಿದ, ಸೋಫಾ ಏರಿಸಿದ. ಕಟ್ಟಲಿಕ್ಕೆ ಬರೀ ಎರಡು ಬಿಲ್ಲೆ. ಕವುಚಿಬಿಟ್ಟೆ. ಎಲೆಗಳು ಬೆರಳಿಂದ ಜಾರಿ ಹೋದದ್ದು ಎಷ್ಟು ಹಗುರವಾಗಿತ್ತೆಂದರೆ, ಬಿಗಿ ಚಪ್ಪಲಿ ಕಳಚಿದ ಹಾಗೆ. ಇದುವರೆಗೆ ನಾನು ಏನನ್ನೂ ಬಿಟ್ಟವಳೇ ಅಲ್ಲ. ಇಷ್ಟು ಸುಲಭವೆಂದು ಯಾರಾದರೂ ಹೇಳಬಾರದಿತ್ತೇ.

“ಅಕ್ಕ ಎಲೆ ಬಿಡೋ ರೀತೀನೇ ಬೇರೆ,” ಅಂದ ಔಷಧಿಯವನು.

ಜೂನ್ 9, ಭಾನುವಾರ

ಒಳ್ಳೆಯ ದಿನ. ಏಳರ ಜೋಡಿಯನ್ನು ಮೂರೂ ಜನರ ವಿರುದ್ಧ ಮೊದಲೇ ಬಿಟ್ಟೆ. ಮುಂದೆ ಏಳು ಬಿತ್ತು. ನಾನು ಬಿಟ್ಟದ್ದೇನೆಂದು ತಿರುಗಿಸಿ ತೋರಿಸಿದೆ. ಸೋಫಾ, “ಅಯ್ಯೋ ಅತ್ತಿಗೆ, ಹೊಟ್ಟೆ ಉರಿಯಲ್ವಾ?” ಅಂದ. ಉರಿಯಲಿಲ್ಲ. ಬಿಟ್ಟ ಮೇಲೆ ಅದು ನನ್ನದಲ್ಲ. ಒಂಬತ್ತರ ಜೋಡಿಯಲ್ಲಿ ಔಷಧಿಯವನನ್ನು ಸುತ್ತು ಸುತ್ತಿಗೂ ಏರಿಸಿ ಏರಿಸಿ ಕಟ್ಟಿಸಿದೆ. ಕೊನೆಗೆ ಅವನು ಬೆವರು ಒರೆಸಿಕೊಂಡ. ಹೆಂಡತಿಗೆ ಹೆರಿಗೆ ಹತ್ತಿರವಿದೆ, ಮನಸ್ಸು ಆಟದಲ್ಲಿಲ್ಲ ಅಂದ. ಮನಸ್ಸಿಲ್ಲದವನು ಮೊದಲೇ ಬಿಡಬೇಕಿತ್ತು.

ಮನೆಗೆ ಬಂದಾಗ ಅವರು ಕಿಟಕಿ ಹತ್ತಿರ ಕೂತಿದ್ದರು. ಪ್ಯಾಂಟು ಒದ್ದೆಯಾಗಿತ್ತು. ಮೂತ್ರದ ಪಾತ್ರೆಯನ್ನು ಎಡಗಡೆ ಇಟ್ಟು ಹೋಗಿದ್ದೆ. ಮರೆತಿರಬೇಕು.

ಜೂನ್ 13

“ಸೋಫಾ ಫೋನ್ ಮಾಡಿದ್ನಾ?”

“ಇಲ್ಲ.”

“ಮಾಸ್ತರು?”

“ಇಲ್ಲ.”

ಮತ್ತೆ ಕೇಳಲಿಲ್ಲ. ಈಚೆಗೆ ಬೈಯುವುದೂ ಕಡಿಮೆ. ಮನೆ ತಣ್ಣಗಿದೆ.

ಜೂನ್ 20

ಫಿಸಿಯೋದವಳು ಕೇಳಿದಳು. “ಎಡಕ್ಕೆ ನೋಡಿ ಅಂತ ಹೇಳ್ತಾ ಇದೀರಾ ತಾನೆ? ಇಷ್ಟು ಹೊತ್ತಿಗೆ ಸುಧಾರಿಸಬೇಕಿತ್ತು.”

“ಹೇಳ್ತಾನೇ ಇದೀನಿ.”

ಕಾಲು ಮಾತ್ರ ಪರವಾಗಿಲ್ಲ. ನಾಲ್ಕು ಕಾಲಿನ ಕೋಲು ಹಿಡಿದು ಬಾಗಿಲವರೆಗೂ ನಡೆಯುತ್ತಾರೆ. ನಡೆಯುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತದೆ. ಆ ಜಾಗದಲ್ಲಿ ಬಣ್ಣ ಕಿತ್ತುಹೋಗಿದೆ.

ಸಂಜೆ ಮಗಳ ಫೋನ್. ಎರಡು ಊರಾಚೆ ಅವಳ ಸಂಸಾರ. “ಅಮ್ಮಾ, ಅಪ್ಪ ಯಾಕೆ ಮಾತೇ ಆಡಲ್ಲ? ನಾನು ಬರ್ಲಾ?” ಬೇಡ ಅಂದೆ. ಬಂದರೆ ಭಾನುವಾರ ಹೊರಗೆ ಹೋಗಲಾಗುವುದಿಲ್ಲ.

ಜುಲೈ 14, ಭಾನುವಾರ

ಇವತ್ತಿನದನ್ನು ಆದದ್ದು ಆದ ಹಾಗೇ ಬರೆಯುತ್ತೇನೆ.

ಆಟ ಅರ್ಧವಾಗಿತ್ತು. ಅಂಗಡಿಯ ಮುಂಬಾಗಿಲು ಯಾರೋ ಬಡಿದರು. ಸೋಫಾ ಹೋಗಿ ತೆರೆದ. ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಸಿಮೆಂಟು ನೆಲದ ಮೇಲೆ ಕೋಲಿನ ಸದ್ದು. ಒಬ್ಬ ಟ್ಯಾಕ್ಸಿ ಡ್ರೈವರ್ ತೋಳು ಹಿಡಿದುಕೊಂಡಿದ್ದ. ಅವರೇ ಫೋನ್ ಮಾಡಿ ಕರೆಸಿಕೊಂಡಿದ್ದರು. ಇಸ್ತ್ರಿ ಮಾಡಿದ ಶರಟು, ಗುಂಡಿ ಒಂದು ತೂತು ಮೇಲೆ ಕೆಳಗೆ. ಅರ್ಧ ಮುಖಕ್ಕೆ ಕ್ಷೌರ. ಗೋದಾಮು ಬಾಡಿಗೆಗೆ ಹೋಗಿದ್ದರೂ ಸೋಫಾ ಅಂಗಡಿಯಲ್ಲಾದರೂ ಸಿಗಬಹುದು, ಬಾಗಿಲು ಬಡಿದು ನೋಡೋಣ ಅಂತ ಬಂದಿದ್ದರಂತೆ. ಡ್ರೈವರ್ ಹೇಳಿದ.

ನಾನು ಅವರ ಎಡಗಡೆಗಿದ್ದೆ. ನನ್ನನ್ನು ನೋಡಲಿಲ್ಲ. ಮಾಸ್ತರನ್ನು ನೋಡಿ, ಔಷಧಿಯವನನ್ನು ನೋಡಿ, “ಆಡ್ತಾ ಇದೀರಾ,” ಅಂದರು. ಬೈಗಳಲ್ಲ, ಪ್ರಶ್ನೆಯೂ ಅಲ್ಲ. ಔಷಧಿಯವನ ಕಿವಿ ಕೆಂಪಾಯಿತು.

“ನಾನೂ ಇದೀನಿ,” ಅಂದೆ. ಧ್ವನಿ ಬಂದ ಕಡೆಗೆ ತಲೆ ಸ್ವಲ್ಪ ಆಡಿಸಿದರು, ಅಷ್ಟೇ.

ಸೋಫಾ, “ಕೂತ್ಕೋ ಮಾರಾಯ, ಟೀ ಕುಡಿ, ಆಮೇಲೆ ನಾನೇ ಮನೆಗೆ ಬಿಡ್ತೀನಿ,” ಅಂತ ತನ್ನ ಪಕ್ಕ ಕೂರಿಸಿದ.

“ನಂಗೂ ಎಲೆ ಹಾಕು.”

ಸೋಫಾ ನನ್ನ ಕಡೆ ನೋಡಿದ. ಬೇಡ ಅನ್ನಲಿ ಎಂದು ಎಲ್ಲರೂ ಕಾಯುತ್ತಿದ್ದರು. “ಹಾಕಿ,” ಅಂದೆ. “ಅವರೇ ಹಿಡ್ಕೊಳ್ಳಲಿ.”

ಎಲೆಗಳನ್ನು ಮೇಜಿನ ಅಂಚಿಗೆ ಒತ್ತಿ, ಹೆಬ್ಬೆರಳಿನಿಂದ ಮೂಲೆ ಎತ್ತಿ ನೋಡಿದರು. ನನಗೆ ಬಂದದ್ದು ಎಕ್ಕ, ಹತ್ತು. ಸೋಫಾ ಮೂರು ಎಲೆ ಸಾಲಾಗಿ ಹಾಕಿದ: ಎಕ್ಕ, ರಾಜ, ಆರು. ಸಾಲು ಅವರ ಎಡದಿಂದ ಶುರುವಾಗುತ್ತದೆ. ನನಗೆ ಅದು ಗೊತ್ತು. ನಾನು ಕಟ್ಟಿದೆ. ಅವರು ಏರಿಸಿದರು. ಉಳಿದ ಮೂವರೂ ಬಿಟ್ಟರು. ನಾನು ಮತ್ತೆ ಏರಿಸಿದೆ. ಅವರೂ. ಒಂದು ಸುತ್ತಿನಲ್ಲಿ ಏರಿಸಲು ಎಷ್ಟು ಸಲ ಅವಕಾಶವಿದೆಯೋ ಅಷ್ಟೂ ಸಲ.

ನಾಲ್ಕನೆಯ ಎಲೆ, ನಾಲ್ಕು. ಮತ್ತೆ ಅದೇ. “ಸಾಕಮ್ಮ,” ಅಂದರು ಮಾಸ್ತರು ಸಣ್ಣಗೆ. ಏನು ಸಾಕು? ಅವರಿಗೆ ಯಾವಾಗ ಬೇಕಾದರೂ ಬಿಡಲು ಸ್ವಾತಂತ್ರ್ಯವಿತ್ತು.

ಕೊನೆಯ ಎಲೆ, ಎರಡು. ಅವರ ಮುಂದಿನ ಬಿಲ್ಲೆ ಎಲ್ಲ ಮಧ್ಯಕ್ಕೆ ಬಂತು. ಅವರ ಮುಖದ ಸರಿಯಿದ್ದ ಅರ್ಧ ನಗುತ್ತಿತ್ತು. ಎಷ್ಟೋ ತಿಂಗಳಿಂದ ಆ ನಗು ನೋಡಿರಲಿಲ್ಲ. ಎಲೆ ತಿರುಗಿಸಿದರು.

“ಒಂಬತ್ತರ ಜೋಡಿ. ಮೇಜಿನ ಮೇಲೆ ಆರಕ್ಕಿಂತ ದೊಡ್ಡದು ಇಲ್ಲ. ಇನ್ನೇನು ತೋರಿಸ್ತೀಯ, ತೋರಿಸು.”

ಸೋಫಾ ಮೇಜಿನ ಮೇಲಿದ್ದ ಎಕ್ಕವನ್ನೂ ರಾಜನನ್ನೂ ನೋಡಿದ, ಅವರನ್ನು ನೋಡಿದ.

ನಾನು ನನ್ನ ಎಕ್ಕವನ್ನು ತಿರುಗಿಸಿಟ್ಟೆ. “ಎಡಕ್ಕೆ ತಿರುಗಿ ನೋಡಿ,” ಅಂದೆ.

“ಏನು?”

“ಎಡಕ್ಕೆ. ಕುತ್ತಿಗೆ ತಿರುಗಿಸಿ.”

ತಿರುಗಿಸಿದರು. ನಿಧಾನವಾಗಿ, ತುಕ್ಕು ಹಿಡಿದ ನಲ್ಲಿಯ ಹಾಗೆ. ಮೊದಲು ರಾಜ ಕಾಣಿಸಿರಬೇಕು, ಆಮೇಲೆ ಎಕ್ಕ. ಬಲಗೈ ಎತ್ತಿ ಒಂದೊಂದನ್ನೂ ಮುಟ್ಟಿದರು. ಮತ್ತೆ ಬಲಕ್ಕೆ ತಿರುಗಿದರು, ಮತ್ತೆ ಎಡಕ್ಕೆ. ಎಲೆಗಳು ಹೋಗಿ ಬಂದು ಮಾಡುತ್ತಿದ್ದವೋ ಏನೋ ಅವರಿಗೆ. ಸೋಫಾನ ಕಡೆ ನೋಡಿ, “ಇವು ಯಾವಾಗ್ಲೂ ಇಲ್ಲೇ ಇದ್ವಾ?” ಅಂತ ಕೇಳಿದರು. ಚಿಕ್ಕ ಮಕ್ಕಳು ಕೇಳುವ ಹಾಗೆ.

“ಇದ್ವು ಕಣೋ,” ಅಂದ ಸೋಫಾ. ಅವನು ಅಳುತ್ತಿದ್ದ.

ಔಷಧಿಯವನಿಗೆ ಇಂಥ ರೋಗಗಳ ಬಗ್ಗೆ ಸ್ವಲ್ಪ ತಿಳಿದಿರುತ್ತದೆ. “ಅಕ್ಕಾ, ಇದು ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಏಪ್ರಿಲ್‌ನಲ್ಲೇ ಫಿಸಿಯೋದವರು ಹೇಳಿದ್ರು.”

ಎಲ್ಲರೂ ನನ್ನನ್ನೇ ನೋಡಿದರು. ಯಾಕೆ ಹಾಗೆ ನೋಡಿದರೋ. ನಾನು ಯಾರ ಎಲೆಯನ್ನೂ ಕದ್ದು ನೋಡಿಲ್ಲ, ಮೋಸ ಮಾಡಿಲ್ಲ. ಎಲೆಗಳು ಮೇಜಿನ ಮೇಲೇ ಇದ್ದವು. ಆದರೂ ಮಾಸ್ತರು ನನ್ನ ಕಡೆ ಬೆನ್ನು ಮಾಡಿ ಅವರ ಶರಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕತೊಡಗಿದರು. ಗೆದ್ದ ಬಿಲ್ಲೆಗಳನ್ನು ಯಾರೂ ನನ್ನ ಕಡೆ ತಳ್ಳಲಿಲ್ಲ. ನಾನೇ ಎಳೆದುಕೊಂಡೆ.

ಸೋಫಾ ತನ್ನ ಕಾರಿನಲ್ಲಿ ಮನೆಗೆ ಬಿಟ್ಟ. ಹಿಂದಿನ ಸೀಟಿನಲ್ಲಿ ನಾವಿಬ್ಬರೇ, ನಾನು ಎಂದಿನಂತೆ ಎಡಕ್ಕೆ. ಅವರು ದಾರಿಯುದ್ದಕ್ಕೂ ಕುತ್ತಿಗೆ ತಿರುಗಿಸಿ ನನ್ನನ್ನು ನೋಡುತ್ತಿದ್ದರು. ಕುತ್ತಿಗೆ ಸೋತು ಬಲಕ್ಕೆ ಜಾರಿದರೆ ಮತ್ತೆ ತಿರುಗಿಸುತ್ತಿದ್ದರು. ಮದುವೆಯಾದಾಗಿನಿಂದ ನನ್ನನ್ನು ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು.

ಜುಲೈ 17

ಊಟ ಪೂರ್ತಿ ಮಾಡಿದರು. ತಟ್ಟೆಯನ್ನು ತಾವೇ ತಿರುಗಿಸಿಕೊಂಡರು.

ಜುಲೈ 21, ಭಾನುವಾರ

ಸೋಫಾಗೆ ಫೋನ್ ಮಾಡಿದೆ. ಎತ್ತಲಿಲ್ಲ. ಔಷಧಿಯವನು ಎತ್ತಿದ. ಗಂಡು ಮಗುವಂತೆ. ಇವತ್ತು ಆಟ ಇದೆಯಾ ಅಂತ ಕೇಳಿದೆ. “ಇಲ್ಲ ಅಕ್ಕಾ, ಗೋದಾಮು ಬಾಡಿಗೆಗೆ ಕೊಟ್ಟಾಯ್ತು,” ಅಂದು ಇಟ್ಟುಬಿಟ್ಟ.

ಲ್ಯಾಬಿಗೆ ಹೋದೆ. ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಕೂತೆ.

ಜುಲೈ 28, ಭಾನುವಾರ

ಮಗಳು ಬಂದಳು. ಮಾಸ್ತರು ಫೋನ್ ಮಾಡಿ ಎಲ್ಲ ಹೇಳಿದ್ದಾರೆ. ಚಪ್ಪಲಿ ಬಿಡದೆ ಒಳಗೆ ಬಂದು ಅಲಮಾರಿ ತೆರೆದು ಅವರ ಬಟ್ಟೆ ಚೀಲಕ್ಕೆ ತುಂಬಿದಳು.

“ಅಪ್ಪನ್ನ ನಾನು ಕರ್ಕೊಂಡು ಹೋಗ್ತೀನಿ.”

“ಟೀ ಕುಡಿ ಮೊದಲು.”

“ನಿನ್ನ ಕೈಯಿಂದ ಬೇಡ.” ಆಮೇಲೆ ಕೂತು ಅತ್ತಳು. “ಒಂದು ಮಾತಮ್ಮಾ. ಒಂದೇ ಮಾತು ಹೇಳಿದ್ರೆ ಸಾಕಿತ್ತಲ್ಲ. ಯಾಕೆ ಹೇಳಲಿಲ್ಲ?”

ಸ್ಟೂಲಿನ ಮಾತು ಹೇಳಿದೆ. ಕೈಗುಣದ ಮಾತು ಹೇಳಿದೆ. ಹೇಳುತ್ತಾ ಹೋದಂತೆ ಅವು ಸಣ್ಣ ಸಣ್ಣವಾಗಿ ಕೇಳಿಸಿದವು. ಒಂದೊಂದೂ ಅಷ್ಟೇನೂ ದೊಡ್ಡದಲ್ಲ. ಅವಳು ಕೇಳಿ ಮುಗಿಸಿ, “ಇಷ್ಟೇನಾ?” ಅಂದಳು.

ಹೋಗಲಿ ಎಂದೇ ನನಗೂ ಇತ್ತು. ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಟ್ಟೆ. ಅವಳು ಅವರ ಕೋಲು ಕೈಗೆ ಕೊಟ್ಟು, “ಏಳಪ್ಪಾ,” ಅಂದಳು.

ಅವರು ಏಳಲಿಲ್ಲ.

“ಬರಲ್ಲ.”

“ಅಪ್ಪಾ, ಇಲ್ಲಿ ಯಾರಿದಾರೆ ನಿನಗೆ?”

“ಬರಲ್ಲ ಅಂದೆ. ಚೀಲ ಒಳಗಿಡು.”

ಎಷ್ಟು ಗೋಗರೆದರೂ ಅಷ್ಟೇ. ಕತ್ತಲಾಗುವ ಮುಂಚೆ ಅವಳು ಒಬ್ಬಳೇ ಹೊರಟಳು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಈ ವಿಷಯದಲ್ಲಿ ಅಪ್ಪನ ಮಗಳು.

ಬಾಗಿಲು ಹಾಕಿ ಬಂದೆ. ಟೀ ಲೋಟ ತೆಗೆದುಕೊಂಡು, ಅಭ್ಯಾಸದ ಹಾಗೆ ಅವರ ಎಡಕ್ಕೆ ಕುರ್ಚಿ ಎಳೆದು ಕೂತೆ.

“ಅಲ್ಲಿ ಬೇಡ,” ಅಂದರು. “ಕುತ್ತಿಗೆ ನೋಯುತ್ತೆ. ಬಲಕ್ಕೆ ಬಾ.”

“ಯಾಕೆ?”

“ಕಾಣ್ಬೇಕು ನೀನು.”

ಕುರ್ಚಿ ಎತ್ತಿ ಆ ಕಡೆಗೆ ಹಾಕಿಕೊಂಡೆ.

ಆಗಸ್ಟ್ 4, ಭಾನುವಾರ

ಹೊರಗೆ ಹೋಗುವ ಕಡೆ ಇಲ್ಲ. ಬೆಳಿಗ್ಗೆಯಿಂದ ಬಲಗಡೆಯ ಕುರ್ಚಿಯಲ್ಲೇ ಕೂತಿದ್ದೇನೆ. ತರಕಾರಿ ಹೆಚ್ಚಿದೆ, ಅವರು ನೋಡಿದರು. ಬಟ್ಟೆ ಮಡಚಿದೆ, ನೋಡಿದರು. ಈಗ ಬರೆಯುತ್ತಿದ್ದೇನೆ, ನೋಡುತ್ತಿದ್ದಾರೆ. ಬೈಯುವುದಿಲ್ಲ, ಏನೂ ಕೇಳುವುದಿಲ್ಲ. ಒಂದು ಸಲ ಎದ್ದು ಅವರ ಎಡಕ್ಕೆ ಹೋಗಿ ನಿಂತೆ, ಒಂದು ಗಳಿಗೆ ಕಾಣದಿರೋಣ ಎಂದು. ಕುತ್ತಿಗೆ ಕೂಡಲೆ ಆ ಕಡೆಗೆ ತಿರುಗಿತು.